ಮರಣದಂಡನೆಯಿಂದ ಮರಳಿ ಬಂದ ಲೇಖಕ: ಫ್ಯೋದರ್ ದಾಸ್ತೋವಸ್ಕಿ



ಈ ಪುಟದಲ್ಲಿ ಸಾಮಾನ್ಯವಾಗಿ ಸಂತರ ಜೀವನ ಇರುತ್ತದೆ. ಈ ಸಲ ಒಬ್ಬ ಲೇಖಕರ ಜೀವನವನ್ನು ಬರೆಯುತ್ತಿದ್ದೇನೆ. ಅವರು ಸಂತರಲ್ಲ. ನಮ್ಮ ಕಥೋಲಿಕ ಧರ್ಮಸಭೆಯವರೂ ಅಲ್ಲ, ರಷ್ಯಾದ ಆರ್ಥೊಡಾಕ್ಸ್ ಸಭೆಯವರು. ಸಾಲದ್ದಕ್ಕೆ ನಮ್ಮ ಸಭೆಯ ಬಗ್ಗೆ ಕಟುವಾಗಿಯೇ ಬರೆದವರು. ಹಾಗಿದ್ದರೂ ಪೋಪ್ ಫ್ರಾನ್ಸಿಸ್ ಅವರು 2013ರಲ್ಲಿ ಹೊರಡಿಸಿದ ಮೊದಲ ವಿಶ್ವಪತ್ರ ಲುಮೆನ್ ಫಿದೇಯಿಯಲ್ಲಿ ಈ ಲೇಖಕರ ಒಂದು ಕಾದಂಬರಿಯನ್ನು ನೆನೆದಿದ್ದಾರೆ. ನಮ್ಮಲ್ಲಿ ಮಲಯಾಳಂ ಓದುವವರಿಗೆ ಪೆರುಂಬಡವಂ ಶ್ರೀಧರನ್ ಅವರ ಒರು ಸಂಕೀರ್ತನಂ ಪೋಲೆ ಕಾದಂಬರಿಯಿಂದ ಇವರು ಮನೆಯವರಷ್ಟೇ ಪರಿಚಿತರು. ಅವರೇ ಫ್ಯೋದರ್ ದಾಸ್ತೋವಸ್ಕಿ.

ಇವರ ಜೀವನವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. 28ನೇ ವಯಸ್ಸಿನಲ್ಲಿ ಸೈನಿಕ ನ್ಯಾಯಾಲಯವೊಂದು ಇವರಿಗೆ ಮರಣದಂಡನೆ ವಿಧಿಸಿತು. ಕೊನೆಯ ಗಳಿಗೆಯಲ್ಲಿ ಕ್ಷಮೆ ಸಿಕ್ಕಿ ಪ್ರಾಣ ಉಳಿಯಿತು. ಆದರೆ ಪ್ರಾಣ ಉಳಿಯುವುದೂ ಎರಡನೆಯ ಅವಕಾಶ ಸಿಗುವುದೂ ಒಂದೇ ಅಲ್ಲ. ಆ ವ್ಯತ್ಯಾಸ ಇವರ ಬದುಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

(ಆಗ ರಷ್ಯಾದಲ್ಲಿ ಹಳೆಯ ಕ್ಯಾಲೆಂಡರ್ ಬಳಕೆಯಲ್ಲಿತ್ತು. ಅದು ನಮ್ಮದಕ್ಕಿಂತ 12 ದಿನ ಹಿಂದೆ. ಕೆಳಗಿನ ದಿನಾಂಕಗಳು ಅಲ್ಲಿನವು.)

ಬಡವರ ಆಸ್ಪತ್ರೆಯ ಅಂಗಳದಲ್ಲಿ

ದಾಸ್ತೋವಸ್ಕಿ ಹುಟ್ಟಿದ್ದು 1821ರ ಅಕ್ಟೋಬರ್ 30ರಂದು, ಮಾಸ್ಕೋದಲ್ಲಿ. ತಂದೆ ಬಡವರಿಗಾಗಿ ಇದ್ದ ಒಂದು ಆಸ್ಪತ್ರೆಯಲ್ಲಿ ವೈದ್ಯರು. ಮನೆಯೂ ಆ ಆಸ್ಪತ್ರೆಯ ಆವರಣದಲ್ಲೇ. ಹಾಗಾಗಿ ಕಾಯಿಲೆಯ ಬಡವರನ್ನು ನೋಡುತ್ತಲೇ ಬೆಳೆದರು. ತಾಯಿ ಭಕ್ತೆ. ಬೈಬಲ್ ಕಥೆಗಳನ್ನು ಹೇಳುತ್ತಾ ಮಕ್ಕಳಿಗೆ ಓದು ಕಲಿಸಿದವರು. ಅವರು 1837ರಲ್ಲಿ ತೀರಿಕೊಂಡರು, ಎರಡು ವರ್ಷಕ್ಕೆ ತಂದೆಯೂ ಹೋದರು.

ತಂದೆಯ ಇಷ್ಟದಂತೆ ಹುಡುಗ ಪೀಟರ್ಸ್‌ಬರ್ಗಿನ ಸೈನಿಕ ಎಂಜಿನಿಯರಿಂಗ್ ಶಾಲೆ ಸೇರಿದ್ದ. ಗಣಿತ, ಕೋಟೆ ಕಟ್ಟುವ ವಿದ್ಯೆ, ಕವಾಯತು ಎಲ್ಲ ಇತ್ತು. ಮನಸ್ಸು ಮಾತ್ರ ಸಾಹಿತ್ಯದಲ್ಲಿ. ಮನೆಯವರು ಹೇಳಿದ ಕೋರ್ಸು ಓದಿ ಬೇರೆ ದಾರಿ ಹಿಡಿಯುವುದು ಇಂದಿನ ಕಥೆ ಮಾತ್ರವಲ್ಲ ನೋಡಿ. 1843ರಲ್ಲಿ ಓದು ಮುಗಿಸಿ, ಮರುವರ್ಷವೇ ನೌಕರಿಗೆ ರಾಜೀನಾಮೆ ಕೊಟ್ಟರು. 1846ರಲ್ಲಿ ಬಡ ಗುಮಾಸ್ತನೊಬ್ಬನ ಕಥೆಯ ಮೊದಲ ಕಾದಂಬರಿ ಬಂತು. ಒಂದೇ ಪುಸ್ತಕಕ್ಕೆ ರಾಜಧಾನಿಯಲ್ಲಿ ಹೆಸರಾಯಿತು.

ಶುಕ್ರವಾರದ ಗೆಳೆಯರು

ಆಗ ರಷ್ಯಾದಲ್ಲಿ ಜೀತಪದ್ಧತಿ ಇತ್ತು. ಜಮೀನಿನ ಜೊತೆಗೆ ಅದರ ರೈತರನ್ನೂ ಮಾರುತ್ತಿದ್ದರು. ಪತ್ರಿಕೆಗಳಿಗೆ ಸ್ವಾತಂತ್ರ್ಯ ಇರಲಿಲ್ಲ. ಪೆತ್ರಾಶೆವ್‌ಸ್ಕಿ ಎಂಬವರ ಮನೆಯಲ್ಲಿ ಪ್ರತಿ ಶುಕ್ರವಾರ ಕೆಲವು ಯುವಕರು ಸೇರಿ ಜೀತ ಹೋಗಬೇಕು, ನ್ಯಾಯಾಲಯಗಳು ಸುಧಾರಿಸಬೇಕು ಎಂದು ಚರ್ಚಿಸುತ್ತಿದ್ದರು. ದಾಸ್ತೋವಸ್ಕಿ 1847ರಿಂದ ಅಲ್ಲಿಗೆ ಹೋಗತೊಡಗಿದರು. ಗುಟ್ಟಾಗಿ ಒಂದು ಮುದ್ರಣಯಂತ್ರ ಇಡುವ ಆಲೋಚನೆಯೂ ಆ ಬಳಗದ ಕೆಲವರಿಗಿತ್ತು.

1848ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಕ್ರಾಂತಿಗಳಾದವು. ಚಕ್ರವರ್ತಿ ಮೊದಲನೇ ನಿಕೊಲಾಯ್‌ಗೆ ಅದು ತನ್ನ ನಾಡಿಗೂ ಹಬ್ಬೀತೆಂಬ ಭಯ ಹಿಡಿಯಿತು. ಬಳಗದೊಳಗೆ ಪೊಲೀಸರ ಬೇಹುಗಾರ ಸೇರಿಕೊಂಡ. 1849ರ ಏಪ್ರಿಲ್ 15ರಂದು ದಾಸ್ತೋವಸ್ಕಿ ಅಲ್ಲಿ ಒಂದು ಪತ್ರವನ್ನು ಗಟ್ಟಿಯಾಗಿ ಓದಿದರು. ವಿಮರ್ಶಕ ಬೆಲಿನ್‌ಸ್ಕಿ ಲೇಖಕ ಗೊಗೊಲ್‌ಗೆ ಬರೆದಿದ್ದ ಆ ಪತ್ರ ಜೀತವನ್ನೂ ರಷ್ಯಾದ ಸಭೆಯನ್ನೂ ಖಂಡಿಸುತ್ತಿತ್ತು. ಎಂಟು ದಿನದ ಮೇಲೆ, ಏಪ್ರಿಲ್ 23ರ ನಸುಕಿನಲ್ಲಿ ಪೊಲೀಸರು ಅವರ ಕೋಣೆಗೆ ಬಂದರು. ಎಂಟು ತಿಂಗಳು ಕೋಟೆಯ ಸೆರೆಮನೆಯಲ್ಲಿ ವಿಚಾರಣೆ ನಡೆಯಿತು.

ಸೈನಿಕ ನ್ಯಾಯಾಲಯದ ತೀರ್ಪು

ಆರೋಪಿಗಳಲ್ಲಿ ಸೈನ್ಯದಲ್ಲಿ ಇಲ್ಲದವರೂ ಇದ್ದರು. ದಾಸ್ತೋವಸ್ಕಿಯೇ ಸೈನ್ಯ ಬಿಟ್ಟು ಐದು ವರ್ಷವಾಗಿತ್ತು. ಆದರೂ ಯುದ್ಧಕಾಲದ ಸೈನಿಕ ಕಾನೂನಿನ ಪ್ರಕಾರವೇ ವಿಚಾರಣೆ ನಡೆಯಬೇಕೆಂದು ಚಕ್ರವರ್ತಿ ತೀರ್ಮಾನಿಸಿದ. ಜನರಲ್ ಒಬ್ಬರ ಅಧ್ಯಕ್ಷತೆಯಲ್ಲಿ ಸೈನಿಕ ಮತ್ತು ನಾಗರಿಕ ಅಧಿಕಾರಿಗಳ ವಿಶೇಷ ನ್ಯಾಯಾಲಯ ಕೂತಿತು. ನವೆಂಬರ್ 16ರಂದು ಅದು 15 ಮಂದಿಯನ್ನು ಗುಂಡಿಕ್ಕಿ ಕೊಲ್ಲಬೇಕೆಂದು ತೀರ್ಪಿತ್ತಿತು. ಅವರಲ್ಲಿ ದಾಸ್ತೋವಸ್ಕಿ ಒಬ್ಬರು. ಅವರ ಮೇಲಿದ್ದ ಮುಖ್ಯ ಅಪರಾಧ ಯಾವುದು? ಸರ್ಕಾರವನ್ನೂ ಸಭೆಯನ್ನೂ ಟೀಕಿಸುವ ಆ ಪತ್ರ ಹರಡುತ್ತಿರುವುದನ್ನು ವರದಿ ಮಾಡದೆ ಇದ್ದದ್ದು.

ಕಡತ ಅಲ್ಲಿಂದ ಅತ್ಯುನ್ನತ ಸೈನಿಕ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿನವರು ಕಾನೂನು ನೋಡಿದರು. ಯುದ್ಧಕಾಲದ ಸೈನಿಕ ಕಾನೂನಿನಲ್ಲಿ ದೊಡ್ಡ ತಪ್ಪು, ಸಣ್ಣ ತಪ್ಪು ಎಂಬ ಭೇದ ಇರಲಿಲ್ಲ. ಆದ್ದರಿಂದ 21 ಮಂದಿಗೂ ಮರಣದಂಡನೆಯೇ ಎಂದರು. ಆದರೆ ಅದೇ ಕಡತದಲ್ಲಿ ಇವರ ಎಳೆಯ ಪ್ರಾಯ, ಪಶ್ಚಾತ್ತಾಪ ಮುಂತಾದವನ್ನು ಗಮನಿಸಿ ದಯೆ ತೋರಿಸಬೇಕೆಂದು ಚಕ್ರವರ್ತಿಯನ್ನು ಕೇಳಿಕೊಂಡರು. ಒಬ್ಬೊಬ್ಬರಿಗೂ ಬದಲಿ ಶಿಕ್ಷೆಯನ್ನೂ ಸೂಚಿಸಿದರು. ಕಾನೂನಿನಲ್ಲಿ ದಯೆಗೆ ಜಾಗ ಇಲ್ಲದಿದ್ದಾಗ ಉಳಿದಿದ್ದ ಒಂದೇ ಬಾಗಿಲು ಅರಸನದು. ದಾಸ್ತೋವಸ್ಕಿಗೆ ಎಂಟು ವರ್ಷ ಕಠಿಣ ದುಡಿಮೆ ಎಂದು ಸೂಚನೆ ಹೋಯಿತು. ಚಕ್ರವರ್ತಿ ಅದನ್ನು ನಾಲ್ಕಕ್ಕೆ ಇಳಿಸಿ, ಆಮೇಲೆ ಸಾಮಾನ್ಯ ಸಿಪಾಯಿಯಾಗಿ ದುಡಿಯಬೇಕೆಂದು ಬರೆದ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಇಲ್ಲೊಂದು ಮಾತು ನೆನಪಾಗಬಹುದು. ನಮ್ಮ ಸಂವಿಧಾನದ 72ನೇ ವಿಧಿಯ ಪ್ರಕಾರ ಸೈನಿಕ ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನೂ ರಾಷ್ಟ್ರಪತಿಗಳು ಕ್ಷಮಿಸಬಹುದು, ಇಳಿಸಬಹುದು. ರಾಜ್ಯಪಾಲರಿಗೆ ಆ ಅಧಿಕಾರ ಇಲ್ಲ. ಎಷ್ಟೇ ಕಟ್ಟುನಿಟ್ಟಿನ ಕಾನೂನಿಗೂ ದಯೆಯ ಒಂದು ಬಾಗಿಲು ಬೇಕು ಎಂಬುದನ್ನು ದೇಶಗಳು ಒಪ್ಪಿಕೊಂಡಿವೆ.

ಆದರೆ ನಿಕೊಲಾಯ್ ಆ ಬಾಗಿಲನ್ನು ತೆರೆದ ರೀತಿ ನೋಡಿ.

ಡಿಸೆಂಬರ್ 22ರ ಬೆಳಗ್ಗೆ

ಶಿಕ್ಷೆ ಇಳಿದದ್ದನ್ನು ಕೈದಿಗಳಿಗೆ ಹೇಳಲಿಲ್ಲ. 1849ರ ಡಿಸೆಂಬರ್ 22ರ ಬೆಳಗ್ಗೆ, ಹಿಮ ಬಿದ್ದ ಚಳಿಯಲ್ಲಿ, ಅವರನ್ನು ಗಾಡಿಗಳಲ್ಲಿ ಸೆಮ್ಯೋನವ್‌ಸ್ಕಿ ಮೈದಾನಕ್ಕೆ ಕರೆತಂದರು. ಕಪ್ಪು ಬಟ್ಟೆ ಹೊದಿಸಿದ ವೇದಿಕೆ ಸಿದ್ಧವಾಗಿತ್ತು. ಸುತ್ತ ಸೈನಿಕರು, ಅವರ ಹಿಂದೆ ಜನ. ಒಬ್ಬೊಬ್ಬರ ಹೆಸರು ಕರೆದು ಮರಣದಂಡನೆ ಓದಿದರು. ಶಿಲುಬೆ ಹಿಡಿದ ಗುರುಗಳು ಬಂದರು. ಕೈದಿಗಳು ಶಿಲುಬೆಗೆ ಮುತ್ತಿಟ್ಟರು. ತಲೆಯ ಮೇಲೆ ಕತ್ತಿ ಮುರಿದರು. ಕುಲೀನ ಪದವಿ ಹೋಯಿತು ಎಂಬುದಕ್ಕೆ ಅದು ಗುರುತು. ಬಿಳಿಯ ಶವವಸ್ತ್ರ ತೊಡಿಸಿದರು.

ಮೊದಲ ಮೂವರನ್ನು ಕಂಬಗಳಿಗೆ ಕಟ್ಟಿದರು. ದಾಸ್ತೋವಸ್ಕಿ ಮುಂದಿನ ಮೂವರಲ್ಲಿದ್ದರು. ತನಗೆ ಉಳಿದಿರುವುದು ಕೆಲವೇ ನಿಮಿಷ ಎಂದು ಅವರಿಗೆ ಖಾತ್ರಿಯಾಗಿತ್ತು. ಪಕ್ಕದಲ್ಲಿದ್ದ ಇಬ್ಬರು ಗೆಳೆಯರನ್ನು ಅಪ್ಪಿಕೊಂಡು ಬೀಳ್ಕೊಂಡರು. ಸೈನಿಕರು ಬಂದೂಕು ಗುರಿಯಿಟ್ಟರು. ಆಗ ಡೋಲು ಬಡಿಯಿತು. ಬಂದೂಕುಗಳು ಕೆಳಗಿಳಿದವು. ಚಕ್ರವರ್ತಿಯ ಕ್ಷಮೆಯ ಆಜ್ಞೆಯನ್ನು ಓದಿ ಹೇಳಿದರು.

ಕಂಬಕ್ಕೆ ಕಟ್ಟಿದ್ದ ಮೂವರಲ್ಲಿ ಗ್ರಿಗೋರ್ಯೆವ್ ಎಂಬ ಯುವ ಅಧಿಕಾರಿಗೆ ಬುದ್ಧಿಭ್ರಮಣೆಯಾಯಿತು. ಕ್ಷಮೆ ಪಡೆದ ಮನುಷ್ಯ ಆ ಕ್ಷಮೆಯ ವಿಧಾನದಿಂದಲೇ ಹಾಳಾದ.

ಇದು ದಯೆಯೋ? ಪ್ರಾಣ ಉಳಿಯಿತು ಎಂಬುದು ನಿಜ. ಆದರೆ ಆ ಬೆಳಗ್ಗೆ ಚಕ್ರವರ್ತಿಯ ಮನಸ್ಸಿನಲ್ಲಿದ್ದದ್ದು ಆ 21 ಯುವಕರಲ್ಲ, ತನ್ನ ಅಧಿಕಾರ. ನಿನ್ನ ಜೀವ ನನ್ನ ಕೈಯಲ್ಲಿದೆ ಎಂದು ತೋರಿಸುವುದಕ್ಕಾಗಿ ಕ್ಷಮೆ ಬಳಕೆಯಾಯಿತು. ನಮ್ಮ ಮನೆಗಳಲ್ಲೂ ಕೆಲವೊಮ್ಮೆ ಹೀಗಾಗುತ್ತದೆ. ಎದುರಿಗಿದ್ದವರು ಪೂರ್ತಿ ಕುಗ್ಗುವವರೆಗೆ ಕಾಯಿಸಿ, ನಾಲ್ಕು ಜನರ ಮುಂದೆ ಕ್ಷಮಿಸುತ್ತೇವೆ. ಆಮೇಲೆ ಜೀವಮಾನವಿಡೀ ಅದನ್ನು ಎತ್ತಿ ಹೇಳುತ್ತೇವೆ.

ದಾಸ್ತೋವಸ್ಕಿ ಮಾತ್ರ ಅಂದು ಕಹಿಯಾಗಲಿಲ್ಲ. ಅದೇ ದಿನ ಸೆರೆಮನೆಯಿಂದ ಅಣ್ಣ ಮಿಖಾಯಿಲ್‌ಗೆ ಪತ್ರ ಬರೆದು, ಬದುಕು ಒಂದು ಕೊಡುಗೆ ಎಂಬುದು ತನಗೆ ಈಗ ತಿಳಿಯಿತೆಂದೂ, ಎಲ್ಲಿದ್ದರೂ ಮನುಷ್ಯನಾಗಿಯೇ ಉಳಿಯುತ್ತೇನೆಂದೂ ತಿಳಿಸಿದರು. ಎರಡು ದಿನದ ಮೇಲೆ, ಕ್ರಿಸ್ತಜಯಂತಿಯ ಹಿಂದಿನ ರಾತ್ರಿ, ಕಾಲಿಗೆ ಸುಮಾರು ನಾಲ್ಕೂವರೆ ಕಿಲೋ ತೂಕದ ಬೇಡಿ ಹಾಕಿ ಅವರನ್ನು ಸೈಬೀರಿಯಾಕ್ಕೆ ಹೊರಡಿಸಿದರು.

ಒಂದು ಪುಸ್ತಕ, ಒಂದು ಕಾಸು

ದಾರಿಯಲ್ಲಿ ತೊಬೊಲ್‌ಸ್ಕ್ ಎಂಬ ಊರು. ಅಲ್ಲಿ ಕೆಲವು ಹಿರಿಯ ಮಹಿಳೆಯರಿದ್ದರು. 1825ರ ದಂಗೆಯಲ್ಲಿ ಶಿಕ್ಷೆಯಾದ ಗಂಡಂದಿರ ಜೊತೆ ತಾವಾಗಿಯೇ ಸೈಬೀರಿಯಾಕ್ಕೆ ಬಂದು ಇಪ್ಪತ್ತೈದು ವರ್ಷ ಕಳೆದವರು. ಅವರು ಕಾವಲುಗಾರರನ್ನು ಒಪ್ಪಿಸಿ ಈ ಕೈದಿಗಳನ್ನು ಕಂಡರು. ಊಟ, ಬೆಚ್ಚನೆಯ ಬಟ್ಟೆ ಕೊಟ್ಟರು. ಒಬ್ಬೊಬ್ಬರ ಕೈಗೂ ಹೊಸ ಒಡಂಬಡಿಕೆಯ ಒಂದು ಪ್ರತಿ ಇಟ್ಟರು. ಅದರ ರಟ್ಟಿನೊಳಗೆ ಹತ್ತು ರೂಬಲ್ ಅಡಗಿಸಿಟ್ಟಿದ್ದರು.

ನನ್ನ ಮಟ್ಟಿಗೆ ದಾಸ್ತೋವಸ್ಕಿಯ ಎರಡನೆಯ ಅವಕಾಶ ಶುರುವಾದದ್ದು ಇಲ್ಲಿ. ಚಕ್ರವರ್ತಿಯ ಕ್ಷಮೆ ಮೈದಾನದ ನಡುವೆ ಡೋಲು ಬಡಿದು ಬಂತು. ಈ ಕರುಣೆ ಸೆರೆಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಬಂತು.

ಓಮ್‌ಸ್ಕ್ ಸೆರೆಮನೆಯಲ್ಲಿ ನಾಲ್ಕು ವರ್ಷ. ಅರ್ಧ ತಲೆ ಬೋಳಿಸುತ್ತಿದ್ದರು. ಹಗಲೂ ರಾತ್ರಿ ಕಾಲಲ್ಲಿ ಬೇಡಿ. ಇಟ್ಟಿಗೆ ಹೊರುವುದು, ಹಿಮ ಬಾಚುವುದು ಕೆಲಸ. ಜೊತೆಯ ಕೈದಿಗಳಲ್ಲಿ ಹೆಚ್ಚಿನವರು ರೈತರು. ಅವರು ಈ ಓದಿದ ದೊಡ್ಡಮನೆಯವನನ್ನು ಹತ್ತಿರ ಸೇರಿಸಲಿಲ್ಲ. ಮೂರ್ಛೆರೋಗ ಗಟ್ಟಿಯಾಗಿ ಹಿಡಿದದ್ದೂ ಅಲ್ಲಿಯೇ. ದಿಂಬಿನ ಕೆಳಗೆ ಆ ಹೊಸ ಒಡಂಬಡಿಕೆ ಇರುತ್ತಿತ್ತು.

ಸೆರೆಮನೆಯ ಬಗ್ಗೆ ಮುಂದೆ ಬರೆದ ಪುಸ್ತಕದಲ್ಲಿ ಅವರು ಎರಡು ಸಂಗತಿ ಹೇಳುತ್ತಾರೆ. ಒಂದು, ಅಲಿ ಎಂಬ ದಾಗೆಸ್ತಾನದ ಮುಸ್ಲಿಂ ತರುಣನಿಗೆ ಆ ಹೊಸ ಒಡಂಬಡಿಕೆಯನ್ನೇ ಪಾಠಪುಸ್ತಕ ಮಾಡಿಕೊಂಡು ರಷ್ಯನ್ ಓದಲು ಕಲಿಸಿದ್ದು. ಯೇಸುವಿನ ಪರ್ವತ ಪ್ರಸಂಗದಲ್ಲಿ ಶತ್ರುಗಳನ್ನು ಪ್ರೀತಿಸಬೇಕೆಂಬ ಭಾಗ ಆ ಹುಡುಗನ ಮನಸ್ಸನ್ನು ಬಹಳವಾಗಿ ತಟ್ಟಿತಂತೆ. ಇನ್ನೊಂದು, ಬೇಡಿ ಹಾಕಿಕೊಂಡು ಬೀದಿಯಲ್ಲಿ ಹೋಗುತ್ತಿದ್ದಾಗ ಹತ್ತು ವರ್ಷದ ಒಂದು ಪುಟ್ಟ ಹುಡುಗಿ ಓಡಿಬಂದು ಕ್ರಿಸ್ತರ ಹೆಸರಿನಲ್ಲಿ ಒಂದು ಕಾಸು ಕೈಗಿಟ್ಟದ್ದು. ಆ ಕಾಸನ್ನು ಅವರು ಬಹುಕಾಲ ಜೋಪಾನ ಮಾಡಿದರು. ರಷ್ಯಾದ ಹಳ್ಳಿಯ ಜನ ಕೈದಿಗಳನ್ನು ಅಪರಾಧಿಗಳೆನ್ನದೆ ದುರ್ದೈವಿಗಳು ಎಂದು ಕರೆಯುತ್ತಿದ್ದರು ಎಂಬುದನ್ನೂ ಅವರು ಮರೆಯಲಿಲ್ಲ.

ಕೈ ಹಿಡಿದವರು

1854ರಲ್ಲಿ ಬೇಡಿ ಕಳಚಿತು. ಸೆಮಿಪಲಾತಿನ್‌ಸ್ಕ್ ಎಂಬ ಗಡಿ ಊರಿನಲ್ಲಿ ಸಿಪಾಯಿಯ ಜೀವನ ಶುರುವಾಯಿತು. ಎಷ್ಟು ವರ್ಷ ಎಂದು ಯಾರಿಗೂ ಗೊತ್ತಿಲ್ಲ. ಪುಸ್ತಕ ಪ್ರಕಟಿಸುವಂತಿಲ್ಲ, ಊರಿಗೆ ಮರಳುವಂತಿಲ್ಲ.

ಆ ವರ್ಷವೇ ಅಲ್ಲಿಗೆ ವ್ರಾಂಗೆಲ್ ಎಂಬ ಸರ್ಕಾರಿ ವಕೀಲರು ಬಂದರು. ಇಪ್ಪತ್ತೊಂದು ವರ್ಷದ ತರುಣ. ಇದೇ ವ್ರಾಂಗೆಲ್ ವಿದ್ಯಾರ್ಥಿಯಾಗಿದ್ದಾಗ ಆ ಡಿಸೆಂಬರ್ ಬೆಳಗ್ಗೆ ಮೈದಾನದಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಅಪರಾಧಿಗಳ ಮೇಲೆ ಮೊಕದ್ದಮೆ ನಡೆಸುವುದು ಅವರ ಉದ್ಯೋಗ. ಆದರೆ ಈ ಸಿಪಾಯಿಯನ್ನು ಮನೆಗೆ ಕರೆದು ಗೆಳೆಯನನ್ನಾಗಿ ಮಾಡಿಕೊಂಡರು, ಹಣ ಕೊಟ್ಟರು, ರಾಜಧಾನಿಯ ದೊಡ್ಡವರಿಗೆ ಬರೆದರು. ಸೆವಾಸ್ತೊಪೊಲ್ ಯುದ್ಧದಲ್ಲಿ ಹೆಸರು ಗಳಿಸಿದ ಜನರಲ್ ತೊತ್ಲೆಬೆನ್ ಅವರ ತಮ್ಮ, ದಾಸ್ತೋವಸ್ಕಿಗೆ ಎಂಜಿನಿಯರಿಂಗ್ ಶಾಲೆಯ ಗೆಳೆಯ. ಆ ಪರಿಚಯದ ಮೇಲೆ ದಾಸ್ತೋವಸ್ಕಿ ಜನರಲ್‌ಗೆ ಪತ್ರ ಬರೆದರು. ಜನರಲ್ ಶಿಫಾರಸು ಮಾಡಿದರು. ಅಷ್ಟರಲ್ಲಿ ನಿಕೊಲಾಯ್ ತೀರಿಕೊಂಡು ಅವನ ಮಗ ಎರಡನೇ ಅಲೆಕ್ಸಾಂಡರ್ ಪಟ್ಟಕ್ಕೆ ಬಂದಿದ್ದ. 1856ರಲ್ಲಿ ದಾಸ್ತೋವಸ್ಕಿಗೆ ಕೆಳದರ್ಜೆಯ ಅಧಿಕಾರಿ ಹುದ್ದೆ, 1857ರಲ್ಲಿ ಕುಲೀನ ಪದವಿ ಮರಳಿದವು. 1859ರ ಡಿಸೆಂಬರಿನಲ್ಲಿ, ಊರು ಬಿಟ್ಟ ಹತ್ತು ವರ್ಷಕ್ಕೆ ಸರಿಯಾಗಿ, ಪೀಟರ್ಸ್‌ಬರ್ಗ್ ತಲುಪಿದರು.

ಒಂದು ಆಜ್ಞೆಯಿಂದ ಇದೆಲ್ಲ ಆಗಲಿಲ್ಲ. ಒಬ್ಬ ವಕೀಲರು, ಒಬ್ಬ ಜನರಲ್, ಹಣ ಕಳಿಸುತ್ತಿದ್ದ ಅಣ್ಣ, ಪುಸ್ತಕ ಕೊಟ್ಟ ಆ ಮಹಿಳೆಯರು, ಇವರೆಲ್ಲ ಸೇರಿ ಹತ್ತು ವರ್ಷದಲ್ಲಿ ಕೊಟ್ಟ ಎರಡನೆಯ ಅವಕಾಶ ಅದು.

ಪಡೆದದ್ದನ್ನು ಕೊಟ್ಟದ್ದು

ಮರಳಿದ ಮೇಲೆ ಮೊದಲು ಬರೆದವುಗಳಲ್ಲಿ ಒಂದು ಸೆರೆಮನೆಯ ಆ ಪುಸ್ತಕ. 1860ರಿಂದ 1862ರವರೆಗೆ ಪ್ರಕಟವಾಯಿತು. ಸೈನಿಕ ನ್ಯಾಯಾಲಯಗಳು ಕೊಡುತ್ತಿದ್ದ ಒಂದು ಶಿಕ್ಷೆಯನ್ನು ಅದರಲ್ಲಿ ವರ್ಣಿಸಿದ್ದಾರೆ. ಕೋಲು ಹಿಡಿದ ಸೈನಿಕರ ಎರಡು ಸಾಲಿನ ನಡುವೆ ಅಪರಾಧಿಯನ್ನು ನಡೆಸುವುದು. ಸಾವಿರಗಟ್ಟಲೆ ಏಟು. ತಡೆಯಲಾರದೆ ಬಿದ್ದರೆ ಆಸ್ಪತ್ರೆ. ಗಾಯ ಮಾಗಿದ ಮೇಲೆ ಉಳಿದ ಏಟು. 1863ರಲ್ಲಿ ರಷ್ಯಾದಲ್ಲಿ ಈ ಶಿಕ್ಷೆ ರದ್ದಾಯಿತು. ಅದು ಒಂದು ಪುಸ್ತಕದಿಂದಲೇ ಆದದ್ದಲ್ಲ. ಆದರೆ ಆ ಆಸ್ಪತ್ರೆಯಲ್ಲಿ ಬೆನ್ನು ಹರಿದವರ ಪಕ್ಕ ಮಲಗಿದ್ದ ಒಬ್ಬರು ಅದನ್ನು ಎಲ್ಲರೂ ಓದುವಂತೆ ಬರೆದಿಟ್ಟಿದ್ದರು.

1866ರಲ್ಲಿ ಅಪರಾಧ ಮತ್ತು ಶಿಕ್ಷೆ ಬಂತು. ಎರಡು ಕೊಲೆ ಮಾಡಿದ ವಿದ್ಯಾರ್ಥಿ ರಸ್ಕೋಲ್ನಿಕೋವ್‌ಗೆ ಸಿಗುವ ಶಿಕ್ಷೆ ಎಂಟು ವರ್ಷ ಸೈಬೀರಿಯಾ. ದಾಸ್ತೋವಸ್ಕಿಗೆ ಸೈನಿಕ ನ್ಯಾಯಾಲಯ ಸೂಚಿಸಿದ್ದೂ ಎಂಟೇ. ಆ ಕಥೆಯ ಕೊನೆಯಲ್ಲೂ ದಿಂಬಿನ ಕೆಳಗೆ ಒಂದು ಹೊಸ ಒಡಂಬಡಿಕೆ ಇದೆ.

ಅವರ ನಡತೆ ಆಮೇಲೆ ಹಾಲಿನಂತೆ ಬಿಳಿಯಾಯಿತು ಎಂದೇನೂ ತಿಳಿಯಬೇಡಿ. 1860ರ ದಶಕದಲ್ಲಿ ಜೂಜಿನ ಹುಚ್ಚು ಹಿಡಿಯಿತು. ಇದ್ದದ್ದನ್ನೆಲ್ಲ ಕಳೆದರು. 1867ರಲ್ಲಿ ಮದುವೆಯಾದ ಎರಡನೆಯ ಹೆಂಡತಿ ಆನ್ನಾ ಒಡವೆ, ಬಟ್ಟೆ ಗಿರವಿ ಇಟ್ಟರು, ಆದರೆ ಗಂಡನನ್ನು ಬಿಟ್ಟುಕೊಡಲಿಲ್ಲ. 1871ರಲ್ಲಿ ಜೂಜು ನಿಂತಿತು. ಯೆಹೂದ್ಯರ ಬಗ್ಗೆ, ನಮ್ಮ ಸಭೆಯ ಬಗ್ಗೆ ಅವರಿಗಿದ್ದ ಪೂರ್ವಗ್ರಹ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಎರಡನೆಯ ಅವಕಾಶ ಸಿಕ್ಕವರು ದೇವದೂತರಾಗುವುದಿಲ್ಲ, ಮನುಷ್ಯರಾಗಿಯೇ ಇರುತ್ತಾರೆ.

1876ರಲ್ಲಿ ಒಂದು ಪ್ರಕರಣ ನಡೆಯಿತು. ಕಾರ್ನಿಲೋವಾ ಎಂಬ ಗರ್ಭಿಣಿ ತನ್ನ ಗಂಡನ ಮೊದಲ ಹೆಂಡತಿಯ ಮಗಳನ್ನು, ಆರು ವರ್ಷದ ಮಗುವನ್ನು, ನಾಲ್ಕನೇ ಮಹಡಿಯ ಕಿಟಕಿಯಿಂದ ನೂಕಿದಳು. ಆಶ್ಚರ್ಯವೆಂಬಂತೆ ಮಗು ಉಳಿಯಿತು. ಅವಳು ತಾನಾಗಿಯೇ ಪೊಲೀಸರ ಬಳಿ ಹೋಗಿ ಒಪ್ಪಿಕೊಂಡಳು. ಎರಡು ವರ್ಷ ಎಂಟು ತಿಂಗಳು ಕಠಿಣ ದುಡಿಮೆ, ಆಮೇಲೆ ಜೀವನಪೂರ್ತಿ ಸೈಬೀರಿಯಾ ಎಂದು ತೀರ್ಪಾಯಿತು.

ಇದೇ ದಾಸ್ತೋವಸ್ಕಿ ಮೂರು ವರ್ಷ ಮುಂಚೆ, ಪರಿಸ್ಥಿತಿಯ ನೆಪ ಹೇಳಿ ಅಪರಾಧಿಗಳನ್ನೆಲ್ಲ ಬಿಟ್ಟುಬಿಡುವ ಜ್ಯೂರಿಗಳನ್ನು ಟೀಕಿಸಿದ್ದರು. ಕೆಟ್ಟದ್ದನ್ನು ಕೆಟ್ಟದ್ದೆಂದೇ ಕರೆಯಬೇಕು ಎಂಬುದು ಅವರ ನಿಲುವು. ಆದರೆ ಈ ಪ್ರಕರಣದಲ್ಲಿ ಗರ್ಭಾವಸ್ಥೆಯ ಮನಸ್ಥಿತಿಯನ್ನು ನ್ಯಾಯಾಲಯ ಸರಿಯಾಗಿ ಪರಿಶೀಲಿಸಿಲ್ಲ ಎಂದು ಅವರಿಗೆ ಅನ್ನಿಸಿತು. ತಮ್ಮ ಪತ್ರಿಕೆಯಲ್ಲಿ ಬರೆದರು. ಸೆರೆಮನೆಗೆ ಹೋಗಿ ಅವಳನ್ನು ಮತ್ತೆ ಮತ್ತೆ ಕಂಡರು. ತಪ್ಪುವುದೇ ಆದರೆ ಶಿಕ್ಷೆಯ ಕಡೆಗಿಂತ ಕರುಣೆಯ ಕಡೆ ತಪ್ಪುವುದು ಮೇಲು ಎಂಬುದು ಅವರ ವಾದದ ತಿರುಳು. ಮಗುವಿನ ನೋವು ನಿಮಗೆ ಕಾಣಿಸಲಿಲ್ಲವೇ ಎಂದು ಕೇಳಿದವರಿಗೂ ಉತ್ತರಿಸಿದರು. ತೀರ್ಪು ರದ್ದಾಗಿ, 1877ರ ಏಪ್ರಿಲ್ 22ರಂದು ಮರುವಿಚಾರಣೆ ನಡೆದು, ಅವಳ ಬಿಡುಗಡೆಯಾಯಿತು. ಅಂದು ದಾಸ್ತೋವಸ್ಕಿ ನ್ಯಾಯಾಲಯದಲ್ಲಿ ಕುಳಿತಿದ್ದರು.

1881ರ ಜನವರಿ 28ರಂದು ಅವರು ತೀರಿಕೊಂಡರು. ಆ ಬೆಳಗ್ಗೆ ಸೈಬೀರಿಯಾದ ಅದೇ ಹೊಸ ಒಡಂಬಡಿಕೆಯನ್ನು ತರಿಸಿ ಆನ್ನಾ ಅವರಿಂದ ಓದಿಸಿಕೊಂಡರು. ಸಾಯುವ ಮುನ್ನ ಮಕ್ಕಳನ್ನು ಹತ್ತಿರ ಕರೆದು ಲೂಕನ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನು ಓದಿಸಿ ಕೇಳಿಸಿದರೆಂದು ಅವರ ಮಗಳು ಬರೆದಿದ್ದಾರೆ.

ನಮಗೆ

2018ರಲ್ಲಿ ನಮ್ಮ ಧರ್ಮಸಭೆ ತನ್ನ ಧರ್ಮೋಪದೇಶ ಗ್ರಂಥದ 2267ನೇ ಪರಿಚ್ಛೇದವನ್ನು ಬದಲಿಸಿ, ಮರಣದಂಡನೆಯನ್ನು ಒಪ್ಪಲಾಗದು ಎಂದು ಸ್ಪಷ್ಟವಾಗಿ ಹೇಳಿತು. ಎಂಥ ಘೋರ ಅಪರಾಧ ಮಾಡಿದ ಮೇಲೂ ಮನುಷ್ಯನ ಘನತೆ ಅಳಿಯುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಅದು ಸರ್ಕಾರಗಳಿಗೆ ಹೇಳಿದ ಮಾತು. ನಮ್ಮ ಪಾಲಿಗೆ ಉಳಿಯುವುದು ಆಮೇಲಿನ ಕೆಲಸ.

ಜೈಲಿನಿಂದ ಬಂದವರು, ಯಾವುದೋ ಕೇಸಿನಲ್ಲಿ ಸಿಕ್ಕಿಕೊಂಡ ಹುಡುಗರು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ಮನೆಯವರು ಬಲಿಪೂಜೆಗೆ ಬಂದರೆ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಾರೆ. ನಾವು ಕನ್ನಡದವರು ಇಲ್ಲಿ ಕಡಿಮೆ ಸಂಖ್ಯೆಯವರು, ಎಲ್ಲರಿಗೂ ಎಲ್ಲರ ಸುದ್ದಿ ಗೊತ್ತು. ಬಿಡುಗಡೆ ಮಾಡುವುದು ನ್ಯಾಯಾಲಯದ ಕೆಲಸ. ಕೆಲಸ ಹುಡುಕಿಕೊಡುವುದು, ಪತ್ರ ಬರೆಯುವುದು, ಪೂಜೆಯ ನಂತರ ನಿಂತು ಮಾತನಾಡಿಸುವುದು ನಮ್ಮದು. ಹಲವು ಧರ್ಮಪ್ರಾಂತ್ಯಗಳಲ್ಲಿ ಪ್ರಿಸನ್ ಮಿನಿಸ್ಟ್ರಿ ಇಂಡಿಯಾದ ಸ್ವಯಂಸೇವಕರು ಈ ಸೇವೆ ಮಾಡುತ್ತಿದ್ದಾರೆ. ಆಸಕ್ತಿ ಇರುವ ಯುವಜನರು ನಮ್ಮ ಧರ್ಮಗುರುಗಳ ಬಳಿ ವಿಚಾರಿಸಿ. ಮುಂದಿನ ಯುವಸಭೆಯಲ್ಲಿ ಇದರ ಬಗ್ಗೆ ಮಾತನಾಡೋಣ.

ತೊಬೊಲ್‌ಸ್ಕ್‌ನ ಆ ಮಹಿಳೆಯರಿಗೆ ತಾವು ಪುಸ್ತಕ ಕೊಟ್ಟ ಕೈದಿ ಮುಂದೆ ಯಾರಾಗುತ್ತಾನೆಂದು ಗೊತ್ತಿರಲಿಲ್ಲ. ಎಲ್ಲ ಕೈದಿಗಳಿಗೂ ಒಂದೊಂದು ಕೊಟ್ಟಿದ್ದರು.